ಎಂಟು ಹಾಡು, ಎಂಟು ಕಾಗದ

ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ನಮ್ಮ ಹಳೆಯ ಕ್ಯಾಸೆಟ್ಟಿನ ಎರಡನೆಯ ಹಾಡಿನ ಹಿಂದಿನ ಕಥೆ ಓದುತ್ತಿದ್ದಳು. ಆ ಹಾಡುಗಾರರ ಬಸ್ಸು ಯಾವುದೋ ಚಳಿದೇಶದ ದಾರಿಯಲ್ಲಿ ಕೆಟ್ಟು ನಿಂತಿತಂತೆ. ಮೆಕ್ಯಾನಿಕ್ ಬರುವವರೆಗೆ ಮಾಡಲು ಕೆಲಸವಿಲ್ಲದೆ ಗಿಟಾರಿನವನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಅದನ್ನು ಕಟ್ಟಿದನಂತೆ.

"ತಪ್ಪು," ಅಂದೆ.

"ಎಂತ ತಪ್ಪು ಪಪ್ಪ? ಅವರೇ ಇಂಟರ್‌ವ್ಯೂನಲ್ಲಿ ಹೇಳಿದ್ದು."

"ಎರಡನೆಯ ಹಾಡು ಸಲಾಲಾದ ಮಳೆಯದ್ದು."

"ಓ ಗಾಡ್. ಅದು ಅಜ್ಜನ ಮಾತು ಪಪ್ಪ, ಹಾಡು ಅಲ್ಲ. ಹಾಡಿನ ಮೇಲೆ ಅಜ್ಜ ಮಾತಾಡಿದ್ದಾರೆ, ಅಷ್ಟೆ."

ಅಷ್ಟೆ ಅಂದಳು. ನಾನು ತಟ್ಟೆ ತಳ್ಳಿ ಎದ್ದೆ. ಅಡುಗೆಮನೆಯಿಂದ ಹೆಂಡತಿ, "ಸತ್ತವರಿಗೂ ಆ ಹಾಡುವವರಿಗೂ ಜಗಳ ಹಚ್ಚಿದ್ದೀರಿ ಅಪ್ಪ ಮಗಳು ಸೇರಿ. ಅನ್ನ ಯಾರು ಉಣ್ಣುವುದು?" ಎಂದು ಕೂಗಿದಳು.

ಅವಳು ನಕ್ಕಳು, ಮಗಳೂ ನಕ್ಕಳು. ನನಗೆ ನಗು ಬರಲಿಲ್ಲ.

ಆ ಕ್ಯಾಸೆಟ್ ನನ್ನ ಕೈಗೆ ಬಂದ ಬಗೆ ಹೇಳಬೇಕು. ಅಪ್ಪ ಸಲಾಲಾದಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರರ ಮನೆಯಲ್ಲಿ ಅಡುಗೆಗಿದ್ದರು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆಗ ಗಲ್ಫಿನಲ್ಲಿದ್ದ ನಮ್ಮ ಕಡೆಯ ಎಷ್ಟೋ ಗಂಡಸರು ರೂಮಿನಲ್ಲಿ ಬರೆಯಬಲ್ಲವನೊಬ್ಬನನ್ನು ಹಿಡಿದು ಊರಿಗೆ ಕಾಗದ ಬರೆಸುತ್ತಿದ್ದರು. ಹಾಗೆ ಬರೆಸಿದರೆ ಮನೆಯ ಸಂಗತಿಯೆಲ್ಲ ರೂಮಿಗೆ ಗೊತ್ತಾಗುತ್ತದೆ. ಅಪ್ಪ ಅದಕ್ಕೆ ಒಪ್ಪುವ ಜನವಲ್ಲ. ಅವರು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಅಮ್ಮ ಕೇಳಿ, ಅದರ ಮೇಲೆಯೇ ತನ್ನ ಉತ್ತರ ತುಂಬಿಸಿ ಹಿಂದೆ ಕಳುಹಿಸುತ್ತಿದ್ದಳು. ಹೀಗೆ ಒಂದೇ ಕ್ಯಾಸೆಟ್ ಹತ್ತು ಸಲ ಸಮುದ್ರ ದಾಟಿ ಕೊನೆಗೆ ಸವೆದು ಹೋಗುತ್ತಿತ್ತು.

ಕೊನೆಯ ಸಲ ಅಪ್ಪನಿಗೆ ಖಾಲಿ ಕ್ಯಾಸೆಟ್ ಸಿಗಲಿಲ್ಲ. ಸಾಹೇಬರು ಬೇಡವೆಂದು ಬಿಟ್ಟ ಒಂದು ಹಾಡಿನ ಕ್ಯಾಸೆಟ್ ಇತ್ತು. ಅಂಗಡಿಯಿಂದ ಬಂದ ಹಾಡಿನ ಕ್ಯಾಸೆಟ್ಟಿಗೆ ಬೆನ್ನಿನ ಮೇಲೆ ಎರಡು ಸಣ್ಣ ಗುಳಿಗಳಿರುತ್ತವೆ, ಯಾರೂ ಮೇಲೆ ರೆಕಾರ್ಡ್ ಮಾಡದ ಹಾಗೆ. ಅಪ್ಪ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ಉಂಡೆ ಮಾಡಿ ಆ ಗುಳಿಗಳಿಗೆ ತುರುಕಿದರು. ಅಡುಗೆಮನೆಯಲ್ಲಿ ಒಲೆಯ ಮೇಲೆ ಏನಾದರೂ ಬೇಯುವಾಗ ಗುಂಡಿ ಒತ್ತಿ ಮಾತಾಡುವುದು, ಸಾಹೇಬರು ಕರೆದರೆ ನಿಲ್ಲಿಸುವುದು. ಮರುದಿನ ನಿನ್ನೆಯ ಮಾತು ಅಳಿಸಿ ಹೋಗಬಾರದೆಂದು ಆ ಹಾಡನ್ನು ಕೊನೆಯವರೆಗೆ ಓಡಲು ಬಿಟ್ಟು, ಮುಂದಿನ ಹಾಡಿನ ತಲೆಗೆ ಹೊಸ ಮಾತು ಶುರು ಮಾಡುವುದು. ಅವರಿಗೆ ಹಾಡು ಮುಗಿಯಿತೆಂದರೆ ಹೊಸ ಪುಟ. ಹೀಗೆ ಎಂಟು ಹಾಡಿನ ತಲೆಯ ಮೇಲೆ ಎಂಟು ಕಾಗದ ಕೂತವು, ಒಂದೊಂದೂ ಸುಮಾರು ಒಂದು ನಿಮಿಷ.

ಊರಿನಲ್ಲಿ ಅದನ್ನು ಕೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಜಗಲಿಯಲ್ಲಿ ಬೀಡಿ ಸುತ್ತುತ್ತಾ ಕೂತಿದ್ದಳು, ಸುತ್ತ ನೆರೆಮನೆಯ ಹೆಂಗಸರು. ಅಪ್ಪನ ಸ್ವರ ಬಂತು. ತುಳುವಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಇದು ಸಾಹೇಬರ ಕ್ಯಾಸೆಟ್. ನಡುವೆ ಗಲಾಟೆ ಬಂದರೆ ಹೆದರಬೇಡಿ." ಆಮೇಲೆ ಕ್ಷೇಮ ಸಮಾಚಾರ ಹೇಳಿ ಮುಗಿಸುವಷ್ಟರಲ್ಲಿ ಗಿಟಾರು, ಡ್ರಮ್ಮು, ಒಬ್ಬನ ಕಿರುಚಾಟ, ಎಲ್ಲ ಒಟ್ಟಿಗೆ ಜಗಲಿಗೆ ನುಗ್ಗಿದವು. ಅಜ್ಜಿಯ ಕೈಯಿಂದ ಬೀಡಿಯ ಮೊರ ಬಿತ್ತು.

ಮುಂದಿನ ಮಾತು ಎಲ್ಲಿ ಶುರುವಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ಓಡಿಸಿದರೆ ತಪ್ಪಿಹೋದೀತೆಂಬ ಭಯ. ಹಾಗಾಗಿ ಬೀಡಿ ಸುತ್ತುವ ಆರು ಹೆಂಗಸರು, ಒಬ್ಬಳು ಅಜ್ಜಿ, ನಾನು, ನಾವೆಲ್ಲ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಉಸಿರು ಬಿಗಿಹಿಡಿದು ಕೇಳಿದೆವು. ಮತ್ತೆ ಮತ್ತೆ ಹಾಕಿದೆವು. ಪಾಶ್ಚಾತ್ಯ ರಾಕ್ ಸಂಗೀತವನ್ನು ಅಷ್ಟು ಗಮನವಿಟ್ಟು ಕೇಳಿದವರು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಎರಡನೆಯ ಹಾಡಿನ ತಲೆಯಲ್ಲಿ ಅಪ್ಪ ಸಲಾಲಾದ ಮಳೆಯ ವಿಷಯ ಹೇಳಿದ್ದರು. ನಮ್ಮ ಆಟಿ ತಿಂಗಳ ಹಾಗೆ ಹನಿ ಮಳೆ, ದಾರಿಯ ಎರಡು ಬದಿಗೂ ತೆಂಗು, ಬಾಳೆ. ನೆರೆಮನೆಯ ಹೆಂಗಸು ಬೀಡಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ, "ಗಲ್ಫಿನಲ್ಲಿ ಮಳೆಯಾ? ತೆಂಗಾ? ನಿನ್ನ ಗಂಡ ಮಲ್ಪೆಯಲ್ಲೇ ಕೂತಿದ್ದಾನೋ ಏನೋ, ಹೋಗಿ ನೋಡು ಮಾರಾಯ್ತಿ!" ಎಂದಳು. ಅಮ್ಮ ಆ ಹಾಡು ಮುಗಿಯುವವರೆಗೆ ಅವಳೊಂದಿಗೆ ಜಗಳಾಡಿದಳು. ಈಗಲೂ ಆ ಗಿಟಾರು ಕೇಳಿದರೆ ನನಗೆ ಕೇಳಿಸುವುದು ಆ ಜಗಳ. ಕೆಟ್ಟು ನಿಂತ ಬಸ್ಸು ನನಗೆ ಯಾಕೆ?

ಅದಕ್ಕೆ ಉತ್ತರ ತುಂಬಿಸಿ ಕಳುಹಿಸುವ ಮೊದಲೇ ಅಪ್ಪ ಕೆಲಸ ಬಿಟ್ಟು ಊರಿಗೆ ಬಂದರು. ಆದ್ದರಿಂದ ಅದೊಂದೇ ಕ್ಯಾಸೆಟ್ ಅಳಿಯದೆ ಉಳಿಯಿತು. ಅಪ್ಪ ಈಗ ಇಲ್ಲ. ಅವರ ಸ್ವರ ಈ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ನಾನು ಮಸ್ಕತ್ತಿಗೆ ಬಂದು ಎ.ಸಿ. ಗಾಳಿ ಹೋಗುವ ತಗಡಿನ ಡಕ್ಟ್ ಮಾಡುವ ವರ್ಕ್‌ಶಾಪಿಗೆ ಸೇರಿ, ತಗಡು ಕತ್ತರಿಸುವುದರಿಂದ ಶುರು ಮಾಡಿ ಫೋರ್‌ಮನ್ ಆದೆ. ಡ್ರಾಯಿಂಗ್ ಇಂಗ್ಲಿಷಿನಲ್ಲಿರುತ್ತದೆ, ಆದರೆ ಗೆರೆಗೆ ಭಾಷೆ ಇಲ್ಲ. ಇಂಜಿನಿಯರುಗಳು ತಪ್ಪಿದ ಅಳತೆಯನ್ನು ನಾನು ಕಣ್ಣಿನಲ್ಲೇ ಹಿಡಿದಿದ್ದೇನೆ. ಈ ಊರಿನ ಎಷ್ಟು ಆಫೀಸುಗಳ ಮಾಡಿನ ಒಳಗೆ ನಾನು ಕೈಯಾರೆ ಮಡಚಿದ ತಗಡು ಇದೆಯೆಂದು ಅಲ್ಲಿ ತಣ್ಣಗೆ ಕೂತವರಿಗೆ ಗೊತ್ತಿಲ್ಲ. ಹಳೆಯ ಪಿಕಪ್ಪಿನಲ್ಲಿ ಕ್ಯಾಸೆಟ್ ಪ್ಲೇಯರ್ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಇಷ್ಟು ವರ್ಷ ಮಾರಲಿಲ್ಲ. ಮಗಳನ್ನು ಶಾಲೆಗೆ ಬಿಡುವಾಗ ಮೊದಲ ಬದಿ ಹಾಕುತ್ತಿದ್ದೆ. ನಾಲ್ಕು ಹಾಡು ಮುಗಿಯುವಾಗ ಶಾಲೆಯ ಗೇಟು.

ಎರಡನೆಯ ಬದಿ ಅವಳಿಗೆ ಹಾಕಲಿಲ್ಲ. ಹಾಳಾಗಿದೆ ಅಂದಿದ್ದೆ. ಅದು ಸುಳ್ಳು.

ಆರನೆಯ ಹಾಡಿನ ತಲೆಯಲ್ಲಿ ಅಪ್ಪ ನನ್ನ ಹತ್ತಿರ ಮಾತಾಡಿದ್ದಾರೆ. "ಮಗಾ, ನೀನು ಈಗ ಎಂಟನೆಯ ಕ್ಲಾಸು. ಇಂಗ್ಲಿಷ್ ಸರಿಯಾಗಿ ಕಲಿ. ಇಲ್ಲಿ ಸಾಹೇಬರು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗುತ್ತಾರೆ. ನಾನು ಅದನ್ನು ಹಿಡಿದು ಪಕ್ಕದ ಮನೆಯ ಡ್ರೈವರನ ಹತ್ತಿರ ಓದಿಸಲಿಕ್ಕೆ ಓಡಬೇಕು. ಅವನು ನಗುತ್ತಾನೆ. ನಿನ್ನನ್ನು ನೋಡಿ ಯಾರೂ ನಗಬಾರದು. ನಾನು ಬಂದಾಗ ಈ ಹಾಡಿನಲ್ಲಿ ಎಂತ ಹೇಳುತ್ತಾರೆ ಅಂತ ನೀನು ನನಗೆ ಹೇಳಬೇಕು, ಆಯ್ತಾ?"

ಜಗಲಿಯಲ್ಲಿ ಕೂತು ಅದನ್ನು ಕೇಳುವಾಗ ನಾನು ಶಾಲೆ ಬಿಟ್ಟು ಮೂರು ತಿಂಗಳಾಗಿತ್ತು. ಇಂಗ್ಲಿಷ್ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದ್ದರು, ಇಡೀ ಕ್ಲಾಸು ನಕ್ಕಿತ್ತು. ಬೆಂಚಿನಿಂದ ಇಳಿದವನು ನೇರ ಮನೆಗೆ ಬಂದೆ, ಮರುದಿನ ಪೇಟೆಯ ತಗಡಿನ ಅಂಗಡಿಗೆ ಸೇರಿದೆ. ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಬಂದ ಮೇಲೆ ಹೇಳುವ, ಅಂದಿದ್ದಳು ಅಮ್ಮ. ಅಪ್ಪ ಬಂದರು. ತಗಡಿನ ಅಂಗಡಿಯ ಎದುರು ಬಸ್ಸಿಳಿದು, ಸೂಟ್‌ಕೇಸ್ ಹಿಡಿದು, ನನ್ನನ್ನು ನೋಡಿದರು. ಬೈಯಲಿಲ್ಲ. ಹಾಡಿನ ಅರ್ಥ ಏನೆಂದು ಕೇಳಲಿಲ್ಲ. ಕೊನೆಯವರೆಗೂ ಕೇಳಲಿಲ್ಲ.

ಹೆಂಡತಿ ಮಗಳಿಗೆಲ್ಲ ನಾನು ಹೇಳಿಕೊಂಡು ಬಂದದ್ದು ಬೇರೆ: ಮನೆಗೆ ದುಡಿಯುವ ಕೈ ಬೇಕಿತ್ತು, ಅಪ್ಪನೇ ಶಾಲೆ ಬಿಡಿಸಿದರು ಅಂತ.

ಈ ವರ್ಷ ಮಗಳು ಹನ್ನೊಂದನೆಯ ಕ್ಲಾಸು. ಒಂದು ಬೆಳಿಗ್ಗೆ ಪಿಕಪ್ಪಿನಲ್ಲಿ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದಳು. ಫೋನು ಒಂದು ಕ್ಷಣ ಕೇಳಿ ಆಲ್ಬಮ್ಮಿನ ಹೆಸರು ತೋರಿಸಿತು. "ಪಪ್ಪ! ಇದು ಕ್ಲಾಸಿಕ್ ರಾಕ್! ಜನ ಇದಕ್ಕೆ ಸಾಯ್ತಾರೆ. ನಿಮಗೆ ಗೊತ್ತೇ ಇರ್ಲಿಲ್ವಾ?" ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅವಳು ಶಾಲೆಯ ಕಾರ್ಯಕ್ರಮಕ್ಕೆ ಅದನ್ನೇ ಆರಿಸಿಕೊಂಡಳು: ಒಂದು ಆಲ್ಬಮ್ಮಿನ ಹಾಡುಗಳ ಹಿಂದಿನ ಕಥೆಗಳು. ಅದೇ ವಾರ ಪಿಕಪ್ಪಿನ ಪ್ಲೇಯರು ಟೇಪನ್ನು ಜಗಿಯಲು ಶುರು ಮಾಡಿತು. ನಾನು ಒಬ್ಬನೇ ಇರುವಾಗ ಹಿಂದೆ ಮುಂದೆ ಮಾಡಿ ಮಾಡಿ ಸವೆಸಿದ ಆರನೆಯ ಹಾಡಿನ ಜಾಗದಲ್ಲೇ ಜಗಿಯಿತು. ಇನ್ನು ತಡ ಮಾಡಬಾರದು, ಕಂಪ್ಯೂಟರಿಗೆ ಹಾಕಿಸಿಡಬೇಕು ಅಂದುಕೊಂಡೆ.

ಮಸ್ಕತ್ತಿನ ಬೌಷರ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಮಂಗಳೂರಿನ ಕೊಂಕಣಿಯವರೊಬ್ಬರು ಸ್ಟುಡಿಯೋ ಇಟ್ಟಿದ್ದಾರೆ. ವಾರವಿಡೀ ಆಫೀಸು, ಶುಕ್ರವಾರ ರೆಕಾರ್ಡಿಂಗ್. ನಾನು ಹೋದಾಗ ಚರ್ಚಿನ ಹಾಡಿನ ಗುಂಪಿನವರು ನಾಲ್ಕೈದು ಮಂದಿ, ಒಳ್ಳೆಯ ಅಂಗಿ ಹಾಕಿದವರು, ಅಭ್ಯಾಸಕ್ಕೆ ಕೂತಿದ್ದರು.

"ಎಂತ ಮಾರಾಯ್ರೆ, ಈ ಕಾಲದಲ್ಲಿ ಕ್ಯಾಸೆಟ್ಟಾ?" ಅಂದರು ಸ್ಟುಡಿಯೋದವರು.

"ಕ್ಲಾಸಿಕ್ ರಾಕ್," ಅಂದೆ.

ಅವರು ಕ್ಯಾಸೆಟ್ ನೋಡಿದರು, ತಗಡಿನ ಗೀರು ಬಿದ್ದ ನನ್ನ ಕೈ ನೋಡಿದರು. "ನೀವು ಇದೆಲ್ಲ ಕೇಳ್ತೀರಾ?"

"ಯಾಕೆ, ಕೇಳ್ಬಾರ್ದಾ? ನಲವತ್ತು ವರ್ಷದಿಂದ ಕೇಳ್ತಿದ್ದೇನೆ."

ಹಾಡಿನ ಗುಂಪಿನವರು ತಿರುಗಿ ನೋಡಿದರು. ಒಬ್ಬರು ತಲೆದೂಗಿದರು. ಅದರಲ್ಲಿ ನನ್ನ ಅಪ್ಪನ ಕಾಗದವಿದೆ, ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ ಎಂದು ಹೇಳುವ ಜಾಗ ಅದೇ ಆಗಿತ್ತು. ಬಾಯಿಯವರೆಗೆ ಬಂತು. ಆ ತಲೆದೂಗಿದ ಮನುಷ್ಯನನ್ನು ನೋಡಿ ನುಂಗಿದೆ. "ಒಳ್ಳೆ ಮಾಡಿ ಕೊಡಿ. ಕ್ಲೀನ್ ಇರ್ಬೇಕು," ಅಂದು ಬಂದೆ.

ಮರುವಾರ ಯಾರದೋ ಕೈಯಲ್ಲಿ ಪೆನ್‌ಡ್ರೈವ್ ಮಾತ್ರ ಕಳುಹಿಸಿದರು. ಮಗಳು ಲ್ಯಾಪ್‌ಟಾಪಿಗೆ ಹಾಕಿದಳು. ಮೊದಲ ಹಾಡು. ಅಪ್ಪ ಗಂಟಲು ಸರಿ ಮಾಡುವ ಸದ್ದಿಗೆ ಕಾದೆ. ಡ್ರಮ್ ಬಂತು. ಗಿಟಾರ್ ಬಂತು. ಒಬ್ಬನು ಮೆಲ್ಲಗೆ, ಗುಟ್ಟು ಹೇಳುವ ಹಾಗೆ ಹಾಡಲು ಶುರು ಮಾಡಿದ. ಆ ಮೊದಲ ನಿಮಿಷವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಚೆನ್ನಾಗಿಯೇ ಇತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸಿತು. ಎರಡನೆಯದು, ಮೂರನೆಯದು, ಎಂಟರಲ್ಲೂ ಅಪ್ಪ ಇಲ್ಲ.

"ವಾವ್ ಪಪ್ಪ, ಎಷ್ಟು ಕ್ಲಿಯರ್!" ಅಂದಳು ಮಗಳು. ಆಮೇಲೆ ನನ್ನ ಮುಖ ನೋಡಿದಳು. "ಅಜ್ಜ ಎಲ್ಲಿ?"

ಸ್ಟುಡಿಯೋದವರಿಗೆ ಫೋನು ಮಾಡಿದೆ. "ಅಣ್ಣಾ, ನಿಮ್ಮ ಟೇಪು ಬಿ ಸೈಡಿನಲ್ಲಿ ತುಂಡಾಯ್ತು," ಅಂದರು ಅವರು. "ಅದೂ ಅಲ್ಲದೆ ಯಾರೋ ಉದ್ದಕ್ಕೂ ಮಾತಾಡಿ ಹಾಳು ಮಾಡಿದ್ದಾರೆ. ನೆಟ್ಟಿನಿಂದ ಒಳ್ಳೆ ಪ್ರಿಂಟೇ ಹಾಕಿ ಕೊಟ್ಟಿದ್ದೇನೆ ನಿಮಗೆ. ಖಲಾಸ್."

"ಕ್ಯಾಸೆಟ್ ಎಲ್ಲಿ?"

"ಎಲ್ಲೋ ಇರ್ಬೇಕು. ಹಳೆ ಸಾಮಾನೆಲ್ಲ ಖಾಲಿ ಮಾಡ್ತಿದ್ದೇನೆ. ಶುಕ್ರವಾರ ಬನ್ನಿ, ನೋಡುವ."

"ಈಗ ಬರ್ತೇನೆ."

"ಈಗ ನಾನು ಸೋಹಾರಿನಲ್ಲಿದ್ದೇನೆ ಮಾರಾಯ್ರೆ, ಆಫೀಸಿನ ಕೆಲಸ."

ಆ ಐದು ದಿನ ವರ್ಕ್‌ಶಾಪಿನಲ್ಲಿ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ಸರಿಯಿದ್ದ ತಗಡಿನ ಮಡಿಕೆಯನ್ನು ಬಿಚ್ಚಿಸಿ ಮತ್ತೆ ಮಾಡಿಸಿದೆ. ಸಿಟ್ಟು ಸ್ಟುಡಿಯೋದವರ ಮೇಲೆ ಅಂದುಕೊಂಡಿದ್ದೆ. ಆದರೆ ಅವರು ಮಾಡಿದ್ದು ನಾನು ಹೇಳಿದ ಕೆಲಸ. ಕ್ಲೀನ್ ಮಾಡಿ ಅಂದೆ, ಮಾಡಿದರು. ತಪ್ಪು ಡ್ರಾಯಿಂಗ್ ಕೊಟ್ಟು ತಗಡು ಕತ್ತರಿಸಿದವನನ್ನು ಬೈಯುವ ಇಂಜಿನಿಯರುಗಳನ್ನು ನಾನು ಜನ್ಮವಿಡೀ ಕಂಡವನು.

ನಡುವೆ ಗುರುವಾರ ಶಾಲೆಯ ಕಾರ್ಯಕ್ರಮ. ಸಮಯ ಸಾಲದೆಂದು ಟೀಚರು ಮೊದಲ ನಾಲ್ಕು ಹಾಡಿಗೆ ಮಾತ್ರ ಒಪ್ಪಿದ್ದರಂತೆ. ಮಗಳು ಚಟಪಟ ಇಂಗ್ಲಿಷಿನಲ್ಲಿ ಒಂದೊಂದು ಕಥೆ ಹೇಳಿ, ಒಂದೊಂದು ಹಾಡಿನ ತಲೆಯನ್ನು ಕೇಳಿಸಿದಳು. ಬಸ್ಸು ಎಂಬ ಒಂದು ಪದ ನನಗೆ ಸಿಕ್ಕಿತು. ಎರಡನೆಯ ಹಾಡು ಶುರುವಾದಾಗ ನನ್ನ ಬಾಯಿ ತಾನಾಗಿಯೇ ಆಡತೊಡಗಿತು. ಆಟಿಯ ಹಾಗೆ ಹನಿ ಮಳೆ, ತೆಂಗು, ಬಾಳೆ. ಪಕ್ಕದ ಕುರ್ಚಿಯ ತಂದೆಯೊಬ್ಬರು, "ಲಿರಿಕ್ಸ್ ಬಾಯಿಪಾಠ ಉಂಟಾ ನಿಮಗೆ?" ಎಂದು ಕೇಳಿದರು. ಹೌದು ಅಂದೆ. ಮತ್ತೆ ಅದೇ ಹೆಮ್ಮೆ. ನನ್ನ ನಾಲಿಗೆಗೆ ಬುದ್ಧಿ ಬರುವುದೇ ಇಲ್ಲವೇನೋ.

ಶುಕ್ರವಾರ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಹಾಡಿನ ಗುಂಪಿನವರೂ ಬಂದರು. ಸ್ಟುಡಿಯೋದವರು ಕಪಾಟು ತೆಗೆದರು, ಇಲ್ಲ. ಮೇಜಿನ ಕೆಳಗೆ, ಇಲ್ಲ. "ಒಂದು ಹಳೆ ಕ್ಯಾಸೆಟ್ಟಿಗೆ ಯಾಕೆ ಇಷ್ಟು ತಲೆಬಿಸಿ ಮಾಡ್ತೀರಿ? ಹಾಡು ನಿಮ್ಮ ಹತ್ತಿರ ಉಂಟಲ್ಲ!"

"ನನಗೆ ಹಾಡು ಬೇಡ!" ಎಂದು ಕೂಗಿಬಿಟ್ಟೆ. "ಅದರಲ್ಲಿ ಮಾತಾಡಿದವರು ನನ್ನ ಅಪ್ಪ. ಅವರಿಗೆ ಬರೀಲಿಕ್ಕೆ ಬರ್ತಿರ್ಲಿಲ್ಲ. ಅದು ಊರಿಗೆ ಕಳ್ಸಿದ ಕಾಗದ."

ಸ್ಟುಡಿಯೋದವರು ತಲೆಯ ಮೇಲೆ ಕೈಯಿಟ್ಟು ನಿಂತರು. "ಅಯ್ಯೋ ದೇವಾ. ಮೊದ್ಲೇ ಹೇಳ್ಬೇಕಲ್ವಾ ಮಾರಾಯ್ರೆ? ನಮ್ಮ ದೊಡ್ಡಪ್ಪ ಕುವೈಟಿನಿಂದ ಹೀಗೇ ಕಳಿಸ್ತಿದ್ರು. ನಮ್ಮ ಅಜ್ಜಿ ಕ್ಯಾಸೆಟ್ಟಿನ ಹತ್ರವೇ ಜಗಳ ಮಾಡ್ತಿದ್ದರು." ಬಾಗಿಲ ಹೊರಗೆ ಬಿಸಾಡಲು ಕಟ್ಟಿಟ್ಟಿದ್ದ ಚೀಲಗಳಿದ್ದವು. ಅವರು ಮಂಡಿಯೂರಿ ಬಿಚ್ಚತೊಡಗಿದರು. ಅಂದು ತಲೆದೂಗಿದ್ದ ಮನುಷ್ಯ ಒಳ್ಳೆಯ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತರು. ಮೂರನೆಯ ಚೀಲದಲ್ಲಿ, ಹಳೆಯ ವಯರುಗಳ ನಡುವೆ ಕ್ಯಾಸೆಟ್ ಇತ್ತು. ಬೆನ್ನಿನ ಗುಳಿಗಳಲ್ಲಿ ಅಪ್ಪ ತುರುಕಿದ ಬೆಳ್ಳಿ ಕಾಗದ ಹಾಗೆಯೇ ಇತ್ತು.

"ಕೊಡಿ, ನಾನು ಜೋಡಿಸ್ತೇನೆ," ಅಂದರು.

"ಬೇಡ. ಜೋಡಿಸುವ ಕೆಲಸ ನನ್ನದು."

ರಜೆಯ ದಿನದ ಖಾಲಿ ವರ್ಕ್‌ಶಾಪಿನಲ್ಲಿ, ತಗಡಿಗೆ ಗೆರೆ ಹಾಕುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಐದು ಸಣ್ಣ ಸ್ಕ್ರೂ ಬಿಚ್ಚಿ ಕ್ಯಾಸೆಟ್ ತೆರೆದೆ. ಟೇಪು ತುಂಡಾದದ್ದು ಆರನೆಯ ಹಾಡಿನ ಕಾಗದದ ನಡುವೆ. ಎರಡು ಬೆರಳಿನಷ್ಟು ಜಾಗ ಮುದುಡಿ ಹೋಗಿತ್ತು, ಅದನ್ನು ಕತ್ತರಿಸಲೇಬೇಕು. ಬ್ಲೇಡ್ ಹಿಡಿದ ಕೈ ಅಲ್ಲೇ ನಿಂತಿತು. ಎರಡು ಬೆರಳಿನ ಬದಲು ಒಂದೂವರೆ ಮಾರು ಕತ್ತರಿಸಿದರೆ ಆ ಕಾಗದವೇ ಇರುವುದಿಲ್ಲ. ಯಂತ್ರ ಜಗಿಯಿತು ಅಂದರೆ ಯಾರು ಕೇಳುತ್ತಾರೆ? ಅಪ್ಪನ ಏಳು ಕಾಗದ ಉಳಿಯುತ್ತದೆ, ನಾನು ಹೇಳಿದ ಸುಳ್ಳೂ ಉಳಿಯುತ್ತದೆ. ಶಾಲೆ ಬಿಡಿಸಿದ್ದು ಅಜ್ಜನೇ ಎಂದು ಮಗಳು ಅವಳ ಮಕ್ಕಳಿಗೂ ಹೇಳುತ್ತಾಳೆ.

ಜನ್ಮವಿಡೀ ನಾನು ಗೆರೆಯ ಆಚೆ ಒಂದು ನೂಲು ತಗಡು ಕತ್ತರಿಸಿದವನಲ್ಲ. ಎರಡು ಬೆರಳೇ ಕತ್ತರಿಸಿದೆ. ತುದಿಗೆ ತುದಿ ತಾಗಿಸಿ, ತೆಳ್ಳಗಿನ ಪಟ್ಟಿ ಅಂಟಿಸಿ, ಉಗುರಿನಿಂದ ಉಜ್ಜಿದೆ.

ಮುಂದಿನ ಶುಕ್ರವಾರ ಮಗಳನ್ನೂ ಕರೆದುಕೊಂಡು ಹೋದೆ. ಸ್ಟುಡಿಯೋದವರು ಬೇರೊಂದು ಒಳ್ಳೆಯ ಪ್ಲೇಯರ್ ತರಿಸಿದ್ದರು. ಮೊದಲ ಬದಿ ಕಂಪ್ಯೂಟರಿಗೆ ಏರಿತು. ನಾನು ಮಲ್ಪೆಯ ಕಥೆ ಹೇಳಿದಾಗ ಇಬ್ಬರೂ ನಕ್ಕರು. ಕ್ಯಾಸೆಟ್ ತಿರುಗಿಸಿದರು. ಐದನೆಯದು ಹೋಯಿತು. ಆರನೆಯದು ಬಂತು.

"ಮಗಾ, ನೀನು ಈಗ ಎಂಟನೆಯ ಕ್ಲಾಸು..."

ಅಂಟಿಸಿದ ಜಾಗದಲ್ಲಿ ಅಪ್ಪನ ಸ್ವರ ಒಮ್ಮೆ ಮುಗ್ಗರಿಸಿ ಮುಂದೆ ಹೋಯಿತು. ಮಗಳಿಗೆ ತುಳು ಅರ್ಧಂಬರ್ಧ, ಆದರೆ ಇದು ಅರ್ಥವಾಗದ ಮಾತಲ್ಲ. ಶಾಲೆ, ಇಂಗ್ಲಿಷ್, ಯಾರೂ ನಗಬಾರದು. ಅವಳು ನನ್ನ ಕಡೆ ತಿರುಗಿದಳು. ನಾನು ಪ್ಲೇಯರಿನ ತಿರುಗುವ ಚಕ್ರ ನೋಡುತ್ತಿದ್ದೆ. "ಅಜ್ಜ ಬಿಡಿಸಿದ್ದಲ್ವಾ ಪಪ್ಪ?" ಅಂದಳು.

"ಅಲ್ಲ. ನಾನೇ ಬಿಟ್ಟದ್ದು."

ಅಷ್ಟರಲ್ಲಿ ಅಪ್ಪನ ಮಾತು ಮುಗಿದು ಗಿಟಾರ್ ನುಗ್ಗಿತು. ಸ್ಟುಡಿಯೋದ ದೊಡ್ಡ ಸ್ಪೀಕರು. ಇನ್ನೇನು ಹೇಳಿದರೂ ಕೇಳಿಸುವ ಹಾಗಿರಲಿಲ್ಲ. ಮೂರು ನಿಮಿಷ ಮೂವರೂ ಆ ಕಿರುಚಾಟ ಕೇಳುತ್ತಾ ಕೂತೆವು, ಜಗಲಿಯಲ್ಲಿ ಕೂತ ಹಾಗೆ.

ಹಾಡು ನಿಂತು ಮುಂದಿನದು ಬರುವ ಮೊದಲು ಐದಾರು ಸೆಕೆಂಡು ಖಾಲಿ ಟೇಪು ಓಡುತ್ತದೆ.

"ಅಜ್ಜನಿಗೆ ಹೇಳಿದ್ರಾ? ಇದ್ರಲ್ಲಿ ಎಂತ ಉಂಟು ಅಂತ?"

"ನನಗೇ ಗೊತ್ತಿಲ್ಲ."

"ನಾಯಿ, ಪಪ್ಪ," ಅಂದಳು ಮೆಲ್ಲಗೆ. "ಆ ಹಾಡಿದವನ ನಾಯಿ ಸತ್ತದ್ದಕ್ಕೆ ಬರೆದ ಹಾಡು."

ನಲವತ್ತು ವರ್ಷ. ಒಂದು ನಾಯಿ. ನಾನು ಏನೋ ಹೇಳಹೊರಟೆ. ಅಪ್ಪ ಗಂಟಲು ಸರಿ ಮಾಡಿಕೊಂಡು, ತನ್ನ ಮೊಣಕಾಲು ನೋವಿನ ವಿಷಯ ಅಜ್ಜಿಗೆ ಹೇಳಬೇಡಿ ಎಂದು ಶುರು ಮಾಡಿದರು. ಮಗಳು ನನ್ನ ಕೈಯ ಮೇಲೆ ಕೈಯಿಟ್ಟು ಸುಮ್ಮನಿರಿಸಿದಳು.